ಸಿಲಿಕನ್ನಿನಲ್ಲಿ ಬೆಳಕಿನ ಹಾದಿ

ಬೆಳಕಿನ ಮೂಲಕ ಮಾತನ್ನು ಸಾಗಿಸಬೇಕೆಂಬ ಆಸೆ ಹೊಸದಲ್ಲ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1880 ರಲ್ಲಿಯೇ ವಾಷಿಂಗ್ಟನ್ ನಗರದಲ್ಲಿ ಸೂರ್ಯರಶ್ಮಿಯ ಮೇಲೆ ಮನುಷ್ಯಧ್ವನಿಯನ್ನೇರಿಸಿ 200 ಮೀಟರಿಗೂ ಮಿಗಿಲಾದ ದೂರಕ್ಕೆ ಕಳುಹಿಸಿದನು. ಆದರೆ ಮೋಡ ಕವಿದೊಡನೆ ಮಾತೂ ನಿಲ್ಲುವಂತಿದ್ದಿತು. ಮಳೆಗಾಳಿಗಳ ಹಂಗಿಲ್ಲದ ಹಾದಿಯೊಂದು ಬೆಳಕಿಗೆ ಬೇಕಾಗಿದ್ದಿತು. ಗಾಜಿನೊಳಗಿನ ಕಲ್ಮಷವನ್ನು ನೀಗಿದಲ್ಲಿ ಕೂದಲೆಳೆಯಂತಹ ಗಾಜಿನ ತಂತುವೇ ಆ ಹಾದಿಯಾದೀತೆಂದು 1966 ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿದ್ದ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬವರು ತೋರಿಸಿಕೊಟ್ಟರು. ನಾಲ್ಕೇ ವರ್ಷಗಳಲ್ಲಿ ಅಮೆರಿಕದಲ್ಲಿ ಅಂತಹ ಗಾಜು ಸಿದ್ಧವಾಯಿತು. ಮುಂದೆ ಸಮುದ್ರಗಳ ತಳದಲ್ಲಿಯೂ ಅದು ಹಾಸಲ್ಪಟ್ಟಿತು.

ಹೀಗೆ ಖಂಡಾಂತರಗಳನ್ನು ದಾಟಿದ ಬೆಳಕು ಗಣಕಯಂತ್ರದ ಬಾಗಿಲಿಗೆ ಬಂದು ನಿಲ್ಲುತ್ತಿದ್ದಿತು. ಒಳಗೆಲ್ಲ ತಾಮ್ರದ ರಾಜ್ಯ. ತಾಮ್ರದಲ್ಲಿ ಸಂಜ್ಞೆಗಳು ಶೀಘ್ರತರವಾದಷ್ಟೂ ಕುಂದುವುವು. ಶಕ್ತಿಯು ಉಷ್ಣವಾಗಿ ವ್ಯಯವಾಗುವುದು. ಹಾಗಾದರೆ ಯಂತ್ರದ ಸಿಲಿಕನ್ ಬಿಲ್ಲೆಯ ಮೇಲೆಯೇ ಬೆಳಕಿಗೆ ಕಾಲುವೆಗಳನ್ನು ಏಕೆ ಕೊರೆಯಬಾರದು? ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಸಿಲಿಕನ್, ಗಾಜಿನ ತಂತುಗಳಲ್ಲಿ ಸಾಗುವ ಅವಗೆಂಪು ಕಿರಣಗಳಿಗೆ ಪಾರದರ್ಶಕವಾದುದು. 1980 ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸೋರೆಫ್ ಈ ಮಾರ್ಗವನ್ನು ಹಿಡಿದನು. ಸಿಲಿಕನ್ನಿನೊಳಗೆ ವಿದ್ಯುತ್ಕಣಗಳನ್ನು ಹೊಗಿಸಿ ಅಥವಾ ಹೊರಸೆಳೆದು ಬೆಳಕಿನ ನಡೆಯನ್ನು ಮಾರ್ಪಡಿಸಬಹುದೆಂದು 1987 ರಲ್ಲಿ ಅವನೂ ಬೆನೆಟ್ಟನೂ ಲೆಕ್ಕವಿಟ್ಟು ತೋರಿಸಿದರು. 2004 ರಲ್ಲಿ ಇಂಟೆಲ್ ಸಂಸ್ಥೆಯವರು ಇದೇ ತತ್ತ್ವದ ಮೇಲೆ, ಸೆಕೆಂಡಿಗೆ ನೂರು ಕೋಟಿ ಸಲಕ್ಕೂ ಮಿಗಿಲಾಗಿ ಬೆಳಕನ್ನು ಏರಿಳಿಸುವ ಸಾಧನವನ್ನು ರಚಿಸಿದರು.

ಆದಾಗ್ಯೂ ಒಂದು ದೊಡ್ಡ ಕೊರತೆ ಉಳಿಯಿತು. ಸಿಲಿಕನ್ ಬೆಳಕನ್ನು ಒಯ್ಯಬಲ್ಲುದೇ ಹೊರತು ಸುಲಭವಾಗಿ ಹುಟ್ಟಿಸಲಾರದು. ಹರಿಸಿದ ವಿದ್ಯುತ್ತಿನ ಬಹುಭಾಗ ಅದರಲ್ಲಿ ಉಷ್ಣವಾಗಿಯೇ ಹೋಗುವುದು. ಇಲ್ಲಿ ಮೊದಲು ನೆರವಾದುದು ಭಾರತದ ವಿದ್ಯೆ. ಪದಾರ್ಥದೊಳಗೆ ಚದರಿದ ಬೆಳಕಿನ ಒಂದಂಶವು ತನ್ನ ಬಣ್ಣವನ್ನು ಬದಲಿಸುವುದೆಂದು 1928 ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದವರು ಸರ್ ಸಿ. ವಿ. ರಾಮನ್ನರು, 1933 ರಿಂದ ಬೆಂಗಳೂರನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡು 1970 ರಲ್ಲಿ ಅಲ್ಲಿಯೇ ದೇಹವಿಟ್ಟವರು. ಈ ಪರಿಣಾಮವು ಗಾಜಿಗಿಂತ ಸಿಲಿಕನ್ ಹರಳಿನಲ್ಲಿ ಬಹುಪಾಲು ಪ್ರಬಲವಾದುದು. ಅದನ್ನೇ ಆಶ್ರಯಿಸಿ 2004 ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಮಿಡಿಮಿಡಿದು ಬೆಳಗುವ ಸಿಲಿಕನ್ ಲೇಸರೂ, 2005 ರಲ್ಲಿ ಇಂಟೆಲ್ಲಿನಲ್ಲಿ ಎಡೆಬಿಡದೆ ಬೆಳಗುವ ಲೇಸರೂ ಸಿದ್ಧವಾದುವು.

ಆದರೆ ಇವಕ್ಕೆ ಮತ್ತೊಂದು ಲೇಸರಿನ ಬೆಳಕನ್ನು ಹೊರಗಿನಿಂದ ಉಣಿಸಬೇಕಾಗಿದ್ದಿತು. ವಿದ್ಯುತ್ತಿನಿಂದಲೇ ಬೆಳಗುವ ಇಂಡಿಯಂ ಫಾಸ್ಫೈಡನ್ನು ಸಿಲಿಕನ್ನಿಗೆ ಬೆಸೆದು, 2006 ರಲ್ಲಿ ಇಂಟೆಲ್ಲಿನವರೂ ಸಾಂತಾ ಬಾರ್ಬರಾ ವಿಶ್ವವಿದ್ಯಾನಿಲಯದ ಜಾನ್ ಬೋವರ್ಸನ ಬಳಗದವರೂ ಈ ತೊಡಕನ್ನು ಬಿಡಿಸಿದರು. ಹತ್ತು ವರ್ಷಗಳ ತರುವಾಯ ಅಂತಹ ಬಿಲ್ಲೆಗಳು ಮಾರುಕಟ್ಟೆಗೆ ಬಂದು, ಮಾಹಿತಿಯ ಮಹಾಕೋಠಿಗಳಲ್ಲಿ ಯಂತ್ರಯಂತ್ರಗಳ ನಡುವೆ ವಾರ್ತೆಯನ್ನು ಹೊರತೊಡಗಿದುವು. ಎಣಿಕೆಯ ಕೆಲಸವಾದರೋ ಇಂದಿಗೂ ಬಹುಮಟ್ಟಿಗೆ ವಿದ್ಯುತ್ತಿನದೇ. ಅದನ್ನೂ ಬೆಳಕಿಗೆ ಒಪ್ಪಿಸುವ ಪ್ರಯತ್ನವು ಪ್ರಯೋಗಶಾಲೆಗಳಲ್ಲಿ ನಡೆದಿದೆ.