ಜೊಂಡಿನ ಹೆಸರು, ಬೇಲಿಯ ವಾಸ: ಕಲಾದಗಿಯ ಚಳಿಗಾಲದ ಉಲಿಯಕ್ಕಿಗಳು

ವಲಸೆ ಬರುವ ವಾರ್ಬ್ಲರ್‌ಗಳನ್ನು, ಅಂದರೆ ಉಲಿಯಕ್ಕಿಗಳನ್ನು, ಹುಡುಕಿ ಕಲಾದಗಿಗೆ ಬಂದವರು ಸಹಜವಾಗಿಯೇ ಘಟಪ್ರಭೆಯ ದಂಡೆಗೆ ಇಳಿಯುತ್ತಾರೆ. ‘ಜೊಂಡು ಉಲಿಯಕ್ಕಿ’ ಎಂಬ ಹೆಸರು ಅತ್ತ ಎಳೆಯುತ್ತದೆ. ಆದರೆ ಈ ಗುಂಪಿನ ಬ್ಲೈತನ ಜೊಂಡು ಉಲಿಯಕ್ಕಿಯನ್ನು ಇಲ್ಲಿ ಹುಡುಕಬೇಕಾದದ್ದು ದಾಳಿಂಬೆ, ಚಿಕ್ಕು ತೋಟಗಳ ಬೇಲಿಯಲ್ಲಿ ಎಂಬುದು ಈ ಟಿಪ್ಪಣಿಯ ವಾದ.

ಇದಕ್ಕೆ ಆಧಾರ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲೇ ಇದೆ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇದಕ್ಕೆ ‘ಡುಮೆಟೋರಮ್’ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರರ್ಥ ‘ಪೊದೆಗಳದ್ದು’. ಫಿನ್‌ಲ್ಯಾಂಡಿನಿಂದ ಸೈಬೀರಿಯದವರೆಗೆ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ಭಾರತ ಉಪಖಂಡಕ್ಕೆ ಬರುತ್ತದೆ. ಯುರೋಪಿನ ಇದರ ಹತ್ತಿರದ ಬಂಧುಗಳು ಬಹುಪಾಲು ಆಫ್ರಿಕಕ್ಕೆ ಹೋದರೆ, ಇದು ಮೂಡಣಕ್ಕೆ ಹೊರಳುತ್ತದೆ.

ಬೆಳಗಿನ ಏಳು ಗಂಟೆ. ಒಡ್ಡಿನ ಮೇಲೆ ಬಾರಿಗಿಡ, ಜಾಲಿ ಹೆಣೆದುಕೊಂಡ ಬೇಲಿ. ಒಳಗಿನಿಂದ ‘ಚಕ್... ಚಕ್’ ಎಂದು ಎರಡು ಬೆಣಚುಕಲ್ಲು ತಾಗಿಸಿದಂಥ ದನಿ. ಹಕ್ಕಿ ಕಾಣುವುದಿಲ್ಲ. ಅಲುಗದೆ ಕಾದರೆ ಮುಳ್ಳಿನ ಸಂದಿನಲ್ಲಿ ಗೆರೆಯಿಲ್ಲದ ಮಾಸಲು ಕಂದು ಬೆನ್ನು, ನೀಳ ಕೊಕ್ಕು, ಕಣ್ಣಿನ ಮುಂದೆಯಷ್ಟೇ ಎದ್ದು ಕಾಣುವ ತಿಳಿ ಹುಬ್ಬು ತೋರಿ ಮರೆಯಾಗುತ್ತವೆ. ಅದೇ ಹೊತ್ತಿಗೆ ತಲೆಯ ಮೇಲಿನ ಚಿಕ್ಕುಮರದ ಎಲೆಗಳ ನಡುವೆ ‘ಚಿಸ್ವೀ’ ಎಂಬ ಎರಡು ತುಂಡಿನ ಕೂಗು ಕೇಳುತ್ತದೆ. ಅದು ಹಸಿರು ಉಲಿಯಕ್ಕಿ. ರೆಕ್ಕೆಯ ಮೇಲೆ ಒಂದೇ ಸಣ್ಣ ತಿಳಿಪಟ್ಟಿ. ಇದು ಚಳಿಗಾಲದಲ್ಲೂ ತನ್ನ ತಾಣದ ಗಡಿ ಕಾಯುತ್ತದೆ. ಇದರ ಚಳಿಗಾಲದ ಬದುಕನ್ನು ಟ್ರೆವರ್ ಪ್ರೈಸ್ ದಕ್ಷಿಣ ಭಾರತದಲ್ಲಿ ಅಭ್ಯಸಿಸಿ 1981ರಲ್ಲಿ ಪ್ರಕಟಿಸಿದರು.

ಜಾಲಿಯಲ್ಲಿ ಇನ್ನೂ ತಿಳಿಬಣ್ಣದ ಹಕ್ಕಿ ಕಂಡರೆ ಎಚ್ಚರ ಬೇಕು. ಅದು ಸೈಕ್ಸ್‌ನ ಉಲಿಯಕ್ಕಿ ಇರಬಹುದು. ಕರ್ನಲ್ ಸೈಕ್ಸ್ ಇದನ್ನು 1832ರಲ್ಲಿ ವಿವರಿಸಿದ್ದು ದಖನ್ ಪ್ರಾಂತದ ಹಕ್ಕಿಯನ್ನೇ ಇಟ್ಟುಕೊಂಡು. ಇದನ್ನೇ ಹೋಲುವ ಬೂಟೆಡ್ ವಾರ್ಬ್ಲರ್‌ನ ಕೊಕ್ಕೂ ಬಾಲವೂ ತುಸು ಗಿಡ್ಡ. ನೋಟ ಸ್ಪಷ್ಟವಾಗದಿದ್ದರೆ ಜಾತಿಯನ್ನು ಬಿಟ್ಟೇ ಬರೆಯುವುದು ಲೇಸು.

ಆದ್ದರಿಂದ ದಾಖಲೆಯಲ್ಲಿ ಹಕ್ಕಿಯ ಹೆಸರಿನ ಜೊತೆಗೆ ದನಿ, ನೆಲದಿಂದ ಇದ್ದ ಎತ್ತರ, ಕೂತ ಗಿಡ, ಬೇಲಿಯ ಬಗೆ ಇಷ್ಟೂ ಇರಬೇಕು. ಬಾರಿ, ಜಾಲಿ ಕಿತ್ತು ತಂತಿ ಎಳೆದ ತೋಟದಲ್ಲೂ ಹಣ್ಣು ಸಿಗುತ್ತದೆ. ಆದರೆ ಸಾವಿರಾರು ಮೈಲಿ ಹಾರಿ ಬಂದ ಜೀವಕ್ಕೆ ಅಲ್ಲಿ ಹುಳುವೂ ಸಿಗದು, ಮರೆಯೂ ಸಿಗದು. ಕಲಾದಗಿಯ ಹಕ್ಕಿಗಳ ಲೆಕ್ಕ ಬೇಲಿಯ ಲೆಕ್ಕದಿಂದಲೇ ಶುರುವಾಗಬೇಕು.