ತಾಯಿಯಂತೆ ಮಗಳೇ? ಕೋಳಿಗೂಡು ಹೇಳುವ ಪಾಠ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಹೆಣ್ಣು ನೋಡಲು ಹೋಗುವವರ ಬಾಯಲ್ಲಿ ಮಾತ್ರ ಇರುವಂಥದ್ದಲ್ಲ. ಹಸು ಕೊಳ್ಳುವವರೂ ಕೋಳಿ ಸಾಕುವವರೂ ಅದನ್ನೇ ನಂಬಿ ನಡೆದಿದ್ದಾರೆ. ಹೆಚ್ಚು ಮೊಟ್ಟೆಯಿಡುವ ಹೇಂಟೆಯ ಮೊಟ್ಟೆಗಳನ್ನೇ ಕಾವಿಗೆ ಇಟ್ಟರೆ ಅದರ ಹೆಣ್ಣುಮರಿಗಳೂ ಬೆಳೆದು ಹೆಚ್ಚು ಮೊಟ್ಟೆ ಇಡುತ್ತವೆ ಎಂದರೆ ಯಾರು ತಾನೇ ಇಲ್ಲವೆನ್ನುತ್ತಾರೆ? ಆದರೆ ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಅಮೆರಿಕದ ಒಂದು ಕೃಷಿ ಪ್ರಯೋಗ ಕೇಂದ್ರದಲ್ಲಿ ಇದೇ ನಂಬಿಕೆಯನ್ನು ವರ್ಷಗಟ್ಟಲೆ ಪರೀಕ್ಷೆಗೆ ಒಡ್ಡಿದಾಗ ಅದು ಸೋತಿತು. ತಳಿ ಎಂದರೇನು, ಅದನ್ನು ಉಳಿಸುವುದು ಹೇಗೆ ಎಂಬ ತಿಳಿವಳಿಕೆ ತಿರುವು ಪಡೆದದ್ದು ಆ ಸೋಲಿನ ನಂತರವೇ.

ಕೋಳಿಯ ಹಿಂಡಿನಲ್ಲಿ ನಿರ್ಣಾಯಕವಾದ ಪ್ರಶ್ನೆ ಒಂದೇ: ಮುಂದಿನ ಪೀಳಿಗೆಗೆ ತಂದೆತಾಯಿಗಳು ಯಾರು? ಹಳ್ಳಿಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವರು ಅನೇಕ ಸಲ ನೆಂಟರು! ಹಬ್ಬಕ್ಕೋ ಜಾತ್ರೆಗೋ ಮೊದಲು ಕೊಯ್ಯುವುದು ಬೇಗ ಬೆಳೆದು ಮೈತುಂಬಿಕೊಂಡ ಹುಂಜವನ್ನು. ಸಂತೆಯಲ್ಲಿ ಒಳ್ಳೆಯ ಬೆಲೆ ಬರುವುದೂ ಅದಕ್ಕೇ. ಹಿಂದೆ ಉಳಿಯುವ ಬಡಕಲು ಹುಂಜವೇ ಮುಂದಿನ ಮರಿಗಳ ತಂದೆ. ಹೀಗೆ ಹತ್ತಾರು ವರ್ಷ ನಡೆದರೆ ಯಾರೂ ಬಯಸದೆ, ಯಾರಿಗೂ ತಿಳಿಯದೆ ಆಯ್ಕೆ ತಿರುವುಮುರುವಾಗುತ್ತದೆ. ಆಯ್ಕೆ ಮಾಡುವುದಿಲ್ಲ ಎನ್ನುವವನೂ ಒಂದು ಆಯ್ಕೆಯನ್ನು ಮಾಡಿಯೇ ಇರುತ್ತಾನೆ.

ಕಾಡಿನಿಂದ ಹಿತ್ತಲಿಗೆ

ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2020ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಥಾಯ್ಲೆಂಡಿನ ಉತ್ತರ ಭಾಗ, ಮ್ಯಾನ್ಮಾರ್ ಮತ್ತು ಚೀನಾದ ನೈಋತ್ಯ ಮೂಲೆಯಲ್ಲಿರುವ ಅದರ ಒಂದು ಉಪಜಾತಿಯತ್ತ ಬೆರಳು ತೋರಿತು. ಆದರೆ ಕೆಂಪು ಕಾಡುಕೋಳಿ ಒಂದೇ ಮೂಲವಲ್ಲ. ಅನೇಕ ಸಾಕುಕೋಳಿಗಳ ಕಾಲು, ಚರ್ಮಗಳ ಹಳದಿ ಬಣ್ಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಿಳಿದುಬಂತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳಗಿನ ಹೊತ್ತು ಕೂಗುವುದು ಇದೇ ಬೂದು ಕಾಡುಕೋಳಿ. ಲೋಕದ ಯಾವ ಮೂಲೆಯಲ್ಲಾದರೂ ಹಳದಿ ಕಾಲಿನ ಕೋಳಿ ಕಂಡರೆ ಅದರಲ್ಲಿ ಈ ಹಕ್ಕಿಯ ಒಂದು ಹನಿ ರಕ್ತವಿದೆ ಎನ್ನಬಹುದು.

ತಳಿಗೆ ಕೋಳಿ ಆರಿಸುವ ಬಗೆಯನ್ನು ಬರೆದಿಟ್ಟವರಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ಪ್ರಸಿದ್ಧ. ಹೇಂಟೆಯ ಮೈ ಕೆಂಪಾಗಿರಬೇಕು, ಎದೆ ಅಗಲವಾಗಿರಬೇಕು, ತಲೆ ದೊಡ್ಡದಿರಬೇಕು ಎಂದು ಅವನು ಹೇಳುತ್ತಾನೆ. ಐದು ಬೆರಳಿನ ಕೋಳಿಗಳೇ ಅತ್ಯಂತ ಕುಲೀನ ಎಂಬ ನಂಬಿಕೆಯನ್ನೂ ದಾಖಲಿಸುತ್ತಾನೆ. ಇವೆಲ್ಲ ಕಣ್ಣಿಗೆ ಕಾಣುವ ಲಕ್ಷಣಗಳು. ತುಳುನಾಡಿನ ಕೋಳಿ ಅಂಕದವರು ಬಣ್ಣ ನೋಡಿ ಹುಂಜಕ್ಕೆ ಬೊಳ್ಳೆ, ಮೈರೆ ಎಂದು ಹೆಸರಿಡುವುದರ ಹಿಂದಿರುವುದೂ ಇದೇ ದೃಷ್ಟಿ. ಹೊರಗಿನ ರೂಪ ಒಳಗಿನ ಗುಣಕ್ಕೆ ಸಾಕ್ಷಿ ಎಂಬ ನಂಬಿಕೆ ಎಲ್ಲ ಕಡೆಯೂ ಇತ್ತು.

ಈ ನಂಬಿಕೆ ಉಚ್ಛ್ರಾಯಕ್ಕೆ ಏರಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ 1835ರ ಕಾಯಿದೆ ಕೋಳಿಜಗಳವನ್ನು ನಿಷೇಧಿಸಿತು. 1840ರ ದಶಕದಲ್ಲಿ ಪೂರ್ವದೇಶಗಳಿಂದ ಭಾರೀ ಗಾತ್ರದ, ಕಾಲಿಗೂ ಗರಿಯಿರುವ ಕೊಚಿನ್ ಕೋಳಿಗಳು ಬಂದಿಳಿದವು. ಅಖಾಡದಲ್ಲಿ ಗೆಲ್ಲುವುದರ ಬದಲು ಪ್ರದರ್ಶನದಲ್ಲಿ ಗೆಲ್ಲುವುದು ಹೊಸ ಹುಚ್ಚಾಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ 1849ರಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. ನಮ್ಮ ಬ್ರಹ್ಮಪುತ್ರಾ ನದಿಯ ಹೆಸರು ಹೊತ್ತ ‘ಬ್ರಹ್ಮ’ ತಳಿ ಪ್ರಖ್ಯಾತವಾದದ್ದು ಆ ಕಾಲದಲ್ಲೇ. ಯಾವ ತಳಿಗೆ ಎಂಥ ಜುಟ್ಟು, ಎಂಥ ಗರಿ, ಎಂಥ ಕಾಲು ಇರಬೇಕು ಎಂದು ವಿಧಿಸುವ ಲಕ್ಷಣಗ್ರಂಥ ಇಂಗ್ಲೆಂಡಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ಬಂತು. ‘ಶುದ್ಧ ತಳಿ’ ಎಂಬ ಮಾತಿಗೆ ಇಂದಿನ ಅರ್ಥ ಬಂದದ್ದು ಇಂಥ ಪುಸ್ತಕಗಳಿಂದ.

ಈ ಹವ್ಯಾಸಿಗಳ ಕೈಚಳಕವನ್ನು ಬೆರಗಿನಿಂದ ನೋಡಿದವನು ಚಾರ್ಲ್ಸ್ ಡಾರ್ವಿನ್. ಸ್ಪೇನಿನ ತಳಿಯ ಹುಂಜದ ಜೋತುಬಿದ್ದ ಜುಟ್ಟು ನೆಟ್ಟಗೆ ನಿಲ್ಲಬೇಕೆಂದು ತೀರ್ಪುಗಾರರು ವಿಧಿಸಿದರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಹುಂಜಗಳ ಜುಟ್ಟು ನೆಟ್ಟಗಾದವು ಎಂದು ಅವನು 1868ರ ತನ್ನ ಗ್ರಂಥದಲ್ಲಿ ಬರೆದ. ಸಾಕುಪ್ರಾಣಿಗಳ ಅಧ್ಯಯನಕ್ಕೆಂದು ಅವನಿಗೆ ಲೋಕದ ನಾನಾ ಕಡೆಗಳಿಂದ ಹಕ್ಕಿಗಳ ಚರ್ಮಗಳು ಬರುತ್ತಿದ್ದವು. ಭಾರತದಿಂದ ಪಾರಿವಾಳಗಳ ಚರ್ಮ ಕಳಿಸಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬನಾದ ಅದೇ ಎಲಿಯಟ್!

ಎಸೆದದ್ದರಲ್ಲೇ ಇತ್ತು

ಜುಟ್ಟಿನ ವಿಷಯದಲ್ಲಿ ಗೆದ್ದ ಕಣ್ಣು ಎಲ್ಲೆಡೆ ಗೆಲ್ಲಲಿಲ್ಲ. ಆಂಡಲೂಸಿಯನ್ ಎಂಬ ತಳಿಯ ಕಥೆ ಇದಕ್ಕೆ ನಿದರ್ಶನ. ಮಳೆಮೋಡದಂಥ ನೀಲಿ ಬಣ್ಣ ಅದರ ಹೆಗ್ಗಳಿಕೆ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನು ಕೂಡಿಸಿದರೂ ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ನೀಲಿ. ಕಾಲು ಭಾಗ ಕಪ್ಪು, ಇನ್ನುಳಿದ ಕಾಲು ಭಾಗ ನೀಲಿ ಚುಕ್ಕೆ ಎರಚಿದಂಥ ಮಾಸಲು ಬಿಳಿ. ಕಪ್ಪು ಬಿಳಿಗಳನ್ನು ‘ಕೆಟ್ಟ ರಕ್ತ’ ಎಂದು ತೆಗೆದುಹಾಕಿ ನೀಲಿಗಳನ್ನೇ ಮತ್ತೆ ಮತ್ತೆ ಕೂಡಿಸುತ್ತ ಹೋದರು. ತಲೆಮಾರು ಕಳೆದರೂ ಲೆಕ್ಕ ಬದಲಾಗಲಿಲ್ಲ.

ಮೆಂಡೆಲ್‌ನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಕೇಂಬ್ರಿಜಿನ ವಿಲಿಯಂ ಬೇಟ್ಸನ್ 1902ರಲ್ಲೇ ಆ ನಿಯಮಗಳು ಕೋಳಿಗೂ ಅನ್ವಯಿಸುತ್ತವೆಂದು ತೋರಿಸಿದ. ಬೇಟ್ಸನ್ ಮತ್ತು ಅವನ ಜೊತೆಗಾರ ಪನ್ನೆಟ್ ನೀಲಿಯ ಗುಟ್ಟನ್ನೂ ಬಿಡಿಸಿದರು. ನೀಲಿ ಎಂಬುದು ಶುದ್ಧ ಬಣ್ಣವೇ ಅಲ್ಲ. ಕಪ್ಪಿನ ಒಂದು ಅಂಶ, ಬಿಳಿಯ ಒಂದು ಅಂಶ ಸೇರಿದಾಗ ಕಾಣುವ ರೂಪ. ಆದ್ದರಿಂದ ಎಷ್ಟು ಆರಿಸಿದರೂ ಅದು ಶುದ್ಧವಾಗದು. ಕಪ್ಪು ಕೋಳಿಗೂ ಮಾಸಲು ಬಿಳಿ ಕೋಳಿಗೂ ಕೂಡಿಸಿದರೆ ಮಾತ್ರ ಮರಿಗಳೆಲ್ಲ ನೀಲಿ! ಕಸವೆಂದು ಎಸೆದದ್ದರಲ್ಲೇ ಅವರು ಹುಡುಕುತ್ತಿದ್ದದ್ದು ಇತ್ತು.

ಮೇಯ್ನ್‌ನ ಸೋಲು

ಬಣ್ಣವಾದರೆ ಕಣ್ಣಿಗೆ ಕಾಣುತ್ತದೆ. ಮೊಟ್ಟೆಯ ಸಂಖ್ಯೆ? ಅಮೆರಿಕದ ಮೇಯ್ನ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದಲ್ಲಿ 1898ರ ಸುಮಾರಿಗೆ ಇದಕ್ಕೊಂದು ಉಪಾಯ ಮಾಡಿದರು. ಹೇಂಟೆ ಒಳಹೊಕ್ಕ ಕೂಡಲೇ ಬಾಗಿಲು ತಾನೇ ಮುಚ್ಚಿಕೊಳ್ಳುವ ಪೆಟ್ಟಿಗೆಗೂಡು. ಆಳು ಬಂದು ಬಿಡಿಸಿ, ಅದರ ಕಾಲಿನ ಬಳೆಯ ನಂಬರನ್ನೂ ಇಟ್ಟ ಮೊಟ್ಟೆಯನ್ನೂ ಬರೆದುಕೊಳ್ಳುತ್ತಿದ್ದ. ವರ್ಷಕ್ಕೆ 160ಕ್ಕಿಂತ ಹೆಚ್ಚು ಮೊಟ್ಟೆಯಿಟ್ಟವು ತಾಯಂದಿರು. 200 ದಾಟಿದ ಹೇಂಟೆಗಳ ಗಂಡುಮಕ್ಕಳು ತಂದೆಗಳು. ಇದಕ್ಕಿಂತ ಕಟ್ಟುನಿಟ್ಟಾದ ಆಯ್ಕೆ ಇನ್ನೇನು ಬೇಕು?

ಸುಮಾರು ಒಂಬತ್ತು ವರ್ಷ ಹೀಗೆ ನಡೆಯಿತು. ಆಮೇಲೆ ರೇಮಂಡ್ ಪರ್ಲ್ ಎಂಬ ತರುಣ ಜೀವವಿಜ್ಞಾನಿ ಸಹೋದ್ಯೋಗಿಯೊಡನೆ ಕುಳಿತು ಲೆಕ್ಕ ತೆಗೆದ. ಹಿಂಡಿನ ಸರಾಸರಿ ಏರಿರಲೇ ಇಲ್ಲ. 200 ಮೊಟ್ಟೆಯ ತಾಯಂದಿರ ಹೆಣ್ಣುಮಕ್ಕಳು ಉಳಿದವಕ್ಕಿಂತ ಒಂದು ಹಿಡಿಯೂ ಮೇಲಿರಲಿಲ್ಲ.

ಕಾರಣ ಎರಡು. ಒಂದು ಹೇಂಟೆ ಒಂದು ವರ್ಷದಲ್ಲಿ ಇಡುವ ಮೊಟ್ಟೆಯಲ್ಲಿ ಹುಟ್ಟಿನಿಂದ ಬಂದ ಗುಣದ ಪಾಲು ಚಿಕ್ಕದು. ಮೇವು, ಬಿಸಿಲು, ರೋಗ, ಮರಿಯೊಡೆದ ತಿಂಗಳು ಇವುಗಳ ಪಾಲೇ ದೊಡ್ಡದು. ಅದೃಷ್ಟದ ಪಾಲು ಮಗಳಿಗೆ ಇಳಿಯುವುದಿಲ್ಲ. ಎರಡನೆಯದು, ಮಗಳ ಅರ್ಧ ಗುಣ ತಂದೆಯದು. ಹುಂಜ ಮೊಟ್ಟೆಯಿಡುವುದಿಲ್ಲ, ಅದರ ಯೋಗ್ಯತೆಯನ್ನು ಪೆಟ್ಟಿಗೆಗೂಡು ಅಳೆಯಲಾರದು. ಹಾಗಾದರೆ ದಾರಿ? ಮಕ್ಕಳನ್ನು ನೋಡಿ ತಂದೆತಾಯಿಗಳನ್ನು ಆರಿಸುವುದು. ನಾಲ್ಕಾರು ಹುಂಜಗಳಿಗೆ ಬೇರೆ ಬೇರೆ ಗೂಡಿನಲ್ಲಿ ಹೇಂಟೆಗಳನ್ನು ಕೊಟ್ಟು, ಎಲ್ಲ ಮರಿಗಳನ್ನೂ ಒಂದೇ ಕಾಲದಲ್ಲಿ, ಒಂದೇ ಮೇವಿನಲ್ಲಿ ಬೆಳೆಸಿ, ಯಾರ ಹೆಣ್ಣುಮಕ್ಕಳು ಒಟ್ಟಾಗಿ ಮುಂದಿದ್ದಾರೆ ಎಂದು ನೋಡಬೇಕು. ಆ ಹೊತ್ತಿಗೆ ಹುಂಜಕ್ಕೆ ಎರಡು ವರ್ಷ ದಾಟಿರುತ್ತದೆ. ಅಲ್ಲಿಯವರೆಗೆ ಅದನ್ನು ಕೊಯ್ಯದೆ ಕಾಯುವ ತಾಳ್ಮೆ ಬೇಕು. ಇಂದು ವರ್ಷಕ್ಕೆ 300 ದಾಟಿ ಮೊಟ್ಟೆಯಿಡುವ ಹೇಂಟೆಗಳು ಹುಟ್ಟಿದ್ದು ಹೀಗೆ ಕುಟುಂಬವನ್ನೇ ತೂಗುವ ಆಯ್ಕೆಯಿಂದ.

ಕುಟುಂಬ ನೋಡಿ ಆರಿಸುವುದರ ಇನ್ನೊಂದು ಮುಖ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡಿತು. ಪಂಜರದಲ್ಲಿ ಗುಂಪಾಗಿಟ್ಟ, ಕೊಕ್ಕು ಕತ್ತರಿಸದ ಹೇಂಟೆಗಳು ಒಂದನ್ನೊಂದು ಕುಕ್ಕಿ ಕೊಲ್ಲುತ್ತಿದ್ದವು. ಪಂಜರದ ಅತಿ ಹೆಚ್ಚು ಮೊಟ್ಟೆಯ ಹೇಂಟೆ ಅನೇಕ ಸಲ ನೆರೆಯವರನ್ನು ತುಳಿದು ಮೇಲೆ ಬಂದದ್ದಾಗಿರುತ್ತದೆ. ಮ್ಯೂರ್ ಒಂಟಿ ಹೇಂಟೆಯನ್ನು ಬಿಟ್ಟು, ಒಟ್ಟಾಗಿ ಚೆನ್ನಾಗಿ ಬಾಳಿದ ಒಡಹುಟ್ಟಿದವರ ಪಂಜರಗಳನ್ನೇ ಆರಿಸಿದ. ಕೆಲವೇ ಪೀಳಿಗೆಗಳಲ್ಲಿ ಸಾವಿನ ಪ್ರಮಾಣ ಶೇ. 68ರಿಂದ ಸುಮಾರು ಶೇ. 9ಕ್ಕೆ ಇಳಿಯಿತು, ಹೇಂಟೆಯೊಂದರ ವಾರ್ಷಿಕ ಮೊಟ್ಟೆ 91ರಿಂದ 237ಕ್ಕೆ ಏರಿತು.

ಒಬ್ಬನೇ ತಂದೆಯ ಅಪಾಯ

ಒಳ್ಳೆಯ ಹುಂಜ ಸಿಕ್ಕಿತೆಂದು ಅದೊಂದನ್ನೇ ಇಟ್ಟುಕೊಂಡರೆ ಮತ್ತೊಂದು ಹಳ್ಳಕ್ಕೆ ಬಿದ್ದಂತೆ. ಒಂದು ಹುಂಜ, 50 ಹೇಂಟೆ ಇರುವ ಹಿಂಡು ನೋಡಲು ದೊಡ್ಡದು. ಆದರೆ ಮುಂದಿನ ಪೀಳಿಗೆಯ ಮರಿಗಳೆಲ್ಲ ಅಣ್ಣತಂಗಿಯರು. ಸೂಅಲ್ ರೈಟ್ ಎಂಬ ವಿಜ್ಞಾನಿ 1931ರಲ್ಲಿ ಕೊಟ್ಟ ಲೆಕ್ಕದಂತೆ, ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಆಗ ಈ 51 ಕೋಳಿಗಳ ಹಿಂಡಿನ ನಿಜವಾದ ಬೆಲೆ ನಾಲ್ಕೇ ಕೋಳಿ! ಅದೇ ಮೇವಿನ ಖರ್ಚಿನಲ್ಲಿ 10 ಹುಂಜ, 40 ಹೇಂಟೆ ಇಟ್ಟರೆ ಬೆಲೆ 32. ಮೊದಲ ಹಿಂಡಿನಲ್ಲಿ ಒಳಸಂಬಂಧ ಪೀಳಿಗೆಗೆ ಸುಮಾರು ಶೇ. 12ರಷ್ಟು ಏರಿದರೆ, ಎರಡನೆಯದರಲ್ಲಿ ಶೇ. 2ಕ್ಕೂ ಕಡಿಮೆ. ಒಳಸಂಬಂಧ ಹೆಚ್ಚಿದಂತೆ ಮೊದಲು ಕುಸಿಯುವುದು ಮೊಟ್ಟೆಯಿಂದ ಮರಿಯೊಡೆಯುವ ಪ್ರಮಾಣ, ಮರಿಗಳ ಉಳಿವು.

ಆದ್ದರಿಂದ ತಿಳಿದ ತಳಿಗಾರರು ಹಿಂಡನ್ನು ಮೂರು ನಾಲ್ಕು ಗೂಡುಗಳಾಗಿ ಒಡೆಯುತ್ತಾರೆ. ಹೆಣ್ಣುಮರಿ ಹುಟ್ಟಿದ ಗೂಡಿನಲ್ಲೇ ಉಳಿಯುತ್ತದೆ; ಗಂಡುಮರಿ ಪ್ರತಿ ವರ್ಷ ಮುಂದಿನ ಗೂಡಿಗೆ ಹೋಗುತ್ತದೆ. ತಳಿ ಉಳಿಸುವುದೇ ಗುರಿಯಾದರೆ ಪ್ರತಿ ಹುಂಜದ ಜಾಗಕ್ಕೆ ಅದರದೇ ಒಂದು ಗಂಡುಮಗ, ಪ್ರತಿ ಹೇಂಟೆಯ ಜಾಗಕ್ಕೆ ಅದರದೇ ಒಬ್ಬ ಮಗಳು. ಕಾಲಬಳೆ, ಒಂದು ಲೆಕ್ಕದ ಪುಸ್ತಕ – ಸಲಕರಣೆ ಇಷ್ಟೇ.

ಬೀಜ ಯಾರ ಕೈಯಲ್ಲಿ?

ಇವೆಲ್ಲ ಹವ್ಯಾಸಿಗಳ ಹರಟೆಯಲ್ಲ. ಅಮೆರಿಕದಲ್ಲಿ ನಡೆದ ‘ನಾಳೆಯ ಕೋಳಿ’ ಸ್ಪರ್ಧೆಯ 1948 ಮತ್ತು 1951ರ ಅಂತಿಮ ಸುತ್ತುಗಳು ಇಂದಿನ ಮಾಂಸದ ಕೋಳಿ ಉದ್ಯಮಕ್ಕೆ ದಾರಿ ತೆರೆದವು. ಅಲ್ಲಿ ಗೆದ್ದ ಕೋಳಿಗಳ ಅಗಲ ಎದೆ ಕಾರ್ನಿಷ್ ತಳಿಯ ಕೊಡುಗೆ. ಕಾರ್ನಿಷ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಭಾರತದಿಂದ ಒಯ್ದ ಅಸೀಲ್ ಹುಂಜಗಳ ರಕ್ತದಿಂದ. ನಮ್ಮ ಅಖಾಡದ ಹಕ್ಕಿ ಹೀಗೆ ಊರೂರಿನ ಚಿಕನ್ ಅಂಗಡಿಗೆ ಮರಳಿ ಬಂದಿದೆ. ಆದರೆ ಅದರ ಶುದ್ಧ ಸಾಲುಗಳು ಇಂದು ಇರುವುದು ಲೋಕದ ಬೆರಳೆಣಿಕೆಯ ಕಂಪನಿಗಳಲ್ಲಿ. ಮಾರುಕಟ್ಟೆಗೆ ಬರುವುದು ಮಿಶ್ರತಳಿ ಮಾತ್ರ. ಅದರ ಮೊಟ್ಟೆಯಿಂದ ಮರಿ ಮಾಡಿಸಿದರೆ ಗುಣಗಳು ಚದುರಿಹೋಗುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೈತರ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ಕೋಳಿಗೂ ಇದೇ ಮಿತಿ. ಹೈಬ್ರಿಡ್ ಜೋಳದ ಬಿತ್ತನೆಯಂತೆ ಮರಿಗೂ ಪ್ರತಿ ಸಲ ಕೇಂದ್ರಕ್ಕೇ ಹೋಗಬೇಕು.

ಶುದ್ಧ ತಳಿಯ ಹಿಂಡಿಗೆ ಬೆಲೆ ಬರುವುದು ಇಲ್ಲಿ. ಅದರ ಮೊಟ್ಟೆಯನ್ನು ಕಾವಿಗೆ ಇಟ್ಟರೆ ಅದೇ ತಳಿ ಮತ್ತೆ ಹುಟ್ಟುತ್ತದೆ. ನಾಟಿ ಹಿಂಡಿನಲ್ಲೂ ಆಯ್ಕೆಯ ಹಕ್ಕು ಸಾಕುವವರ ಕೈಯಲ್ಲೇ ಇದೆ. ಆ ಹಕ್ಕನ್ನು ನೆಂಟರಿಗೂ ಸಂತೆಗೂ ಬಿಟ್ಟುಕೊಡದೆ, ಮಕ್ಕಳನ್ನು ಕಂಡ ಮೇಲೆ ತಂದೆಯನ್ನು ಆರಿಸುವುದಷ್ಟೇ ಉಳಿದಿರುವ ಕೆಲಸ. ತಾಯಿಯಂತೆ ಮಗಳು ಎಂಬ ಗಾದೆ ಪೂರ್ತಿ ಸುಳ್ಳೇನಲ್ಲ. ಕೋಳಿಗೂಡಿನಲ್ಲಿ ಅದನ್ನು ಹಿಂದುಮುಂದಾಗಿ ಓದಬೇಕು: ಸೀರೆ ನೋಡಿದ ಮೇಲೆಯೇ ನೂಲಿನ ಗುಣ ಗೊತ್ತಾಗುವುದು.