ಲೊಕ್ಕಿಗುಂಡಿಯ ಪ್ರಾಭಾಕರ ಶಾಲೆಯೂ ಅಸ್ತಿತ್ವವಾದದ ಶಿಕ್ಷಣಪ್ರಶ್ನೆಯೂ

ಗದಗಿಗೆ ಮೂಡಣದಲ್ಲಿ ಸುಮಾರು 12 ಕಿಲೋಮೀಟರು ದೂರದಲ್ಲಿರುವ ಲಕ್ಕುಂಡಿಯು, ಎಂದರೆ ಶಾಸನಗಳ ಲೊಕ್ಕಿಗುಂಡಿಯು, ಅತ್ತಿಮಬ್ಬೆಯ ದಾನದಿಂದಲೂ ಕಾಶಿವಿಶ್ವೇಶ್ವರ ದೇವಾಲಯದ ಶಿಲ್ಪದಿಂದಲೂ ಲೋಕಕ್ಕೆ ಪರಿಚಿತವಾಗಿರುವಷ್ಟು ತನ್ನ ವಿದ್ಯಾಶಾಲೆಯಿಂದ ಪರಿಚಿತವಾಗಿಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 23ನೆಯ ವರ್ಷದ, ಅಂದರೆ ಕ್ರಿ. ಶ. 1098ರ, ಗದಗಿನ ಶಾಸನವೊಂದು ಲೊಕ್ಕಿಗುಂಡಿಯಲ್ಲಿ ಪ್ರಭಾಕರ ಮತದ ಮೀಮಾಂಸೆಯನ್ನು ಬೋಧಿಸುವ ಶಾಲೆಗೆ ದಂಡನಾಯಕ ಸೋಮೇಶ್ವರನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಇದನ್ನು ದತ್ತಿಯ ಲೆಕ್ಕವೆಂದು ಓದಿ ಮುಂದೆ ಸಾಗುವುದು ಸುಲಭ. ಆದರೆ ಮುಂದೆ ಭರತಖಂಡದಲ್ಲಿ ಕುಮಾರಿಲನ ಭಾಟ್ಟ ಮತವೇ ಪ್ರಬಲವಾಗಿ, ಪ್ರಾಭಾಕರ ಗ್ರಂಥಗಳ ಪಠನಪಾಠನವೇ ಕ್ಷೀಣಿಸಿದುದನ್ನು ನೆನೆದರೆ, ಆ ಮತಕ್ಕೆಂದೇ ಒಂದು ಶಾಲೆ ನಡೆದುದು ಸಣ್ಣ ಸಂಗತಿಯಲ್ಲ. ಅಲ್ಲಿ ಕಲಿಸಿದ ಶಾಸ್ತ್ರವು ವಿದ್ಯೆಯ ವಿಷಯವಾಗಿಯೇ ಒಂದು ತೀಕ್ಷ್ಣವಾದ ಪ್ರಶ್ನೆಯನ್ನು ಎತ್ತಿತ್ತು. ಕಲಿಕೆಯ ಹೊಣೆ ಯಾರದು ಎಂಬುದೇ ಆ ಪ್ರಶ್ನೆ. 20ನೆಯ ಶತಮಾನದ ಯೂರೋಪಿನ ಅಸ್ತಿತ್ವವಾದವು ಶಿಕ್ಷಣದ ಮುಂದಿಟ್ಟ ಪ್ರಶ್ನೆಗೂ ಇದಕ್ಕೂ ದೂರವಿಲ್ಲ.

ವೇದಾಧ್ಯಯನವನ್ನು ವಿಧಿಸುವ ಶ್ರುತಿವಾಕ್ಯವು ಯಾರನ್ನು ಉದ್ದೇಶಿಸಿದೆ ಎಂಬುದು ಮೀಮಾಂಸೆಯ ಮೊದಲ ಬಾಗಿಲಲ್ಲಿಯೇ ಎದುರಾಗುವ ವಿವಾದ. ಭಾಟ್ಟರ ಪಕ್ಷದಲ್ಲಿ ಆ ವಿಧಿಯು ಶಿಷ್ಯನಿಗೆ ಸೇರಿದುದು. ಅರ್ಥಜ್ಞಾನವೇ ಅದರ ಫಲ. ಪ್ರಾಭಾಕರರು ಇದನ್ನು ಒಪ್ಪರು. ಇದು ತನ್ನ ಕಾರ್ಯವೆಂದು ಅರಿಯಬಲ್ಲವನನ್ನೇ ವಿಧಿಯು ಪ್ರವರ್ತಿಸಬಲ್ಲದು, ಅಂಥವನೇ ನಿಯೋಜ್ಯನು. ಎಂಟು ವರ್ಷದ ಬಾಲಕನು ವೇದದ ಒಂದಕ್ಷರವನ್ನೂ ಇನ್ನೂ ಓದಿಲ್ಲ. ಓದಬೇಕೆಂಬ ವಾಕ್ಯವಾದರೋ ಅವನು ಓದದಿರುವ ವೇದದೊಳಗೇ ಇದೆ. ಇಂತಿರಲು ಅದು ತನಗೆ ಹೇಳಿದುದೆಂದು ಅವನು ತಿಳಿಯುವುದೆಂತು? ಆದುದರಿಂದ ಉಪನಯನ ಮಾಡಿ ಓದಿಸಬೇಕೆಂಬ ವಿಧಿಯೇ ಪ್ರಧಾನ. ಆಚಾರ್ಯನಾಗಬಯಸುವವನೇ ಅದರ ನಿಯೋಜ್ಯ. ಶಿಷ್ಯನ ಅಧ್ಯಯನವು ಆ ಅಧ್ಯಾಪನದ ಬಲದಿಂದ ಸಿದ್ಧಿಸುತ್ತದೆ. ಶಾಲಿಕನಾಥನ ಪ್ರಕರಣಪಂಚಿಕೆಯ ಮೊದಲ ಪ್ರಕರಣವು ಈ ಚರ್ಚೆಗೆ ಮೀಸಲಾದಂತಿದೆ. ಹೀಗಾದರೆ ಶಿಷ್ಯನು ಗುರುವಿನ ಆಚಾರ್ಯತ್ವಕ್ಕೆ ಕೇವಲ ಉಪಕರಣವಾದನಲ್ಲವೇ ಎಂದು ಭಾಟ್ಟರು ಆಕ್ಷೇಪಿಸಿದರು. ಆಕ್ಷೇಪವು ಹಗುರವಾದುದಲ್ಲ, ಶಿಷ್ಯರ ಸಂಖ್ಯೆಯಿಂದ ತಮ್ಮ ಹಿರಿಮೆಯನ್ನು ಅಳೆದುಕೊಳ್ಳುವ ಉಪಾಧ್ಯಾಯರು ಯಾವ ಕಾಲದಲ್ಲಿಯೂ ಇಲ್ಲದೆ ಇಲ್ಲ. ಆದರೂ ಪ್ರಾಭಾಕರರ ಮೂಲಯುಕ್ತಿಯು ಇದರಿಂದ ಅಳಿಯದು. ಹೊಣೆಯ ಮಾತು ಇನ್ನೂ ತಿಳಿಯದವನ ಮೇಲೆ ಹೊಣೆಯನ್ನು ಹೊರಿಸಲಾಗದು.

ಇದಕ್ಕೆ ಹೊಂದಿಕೊಂಡಿರುವುದು ಅವರ ಅನ್ವಿತಾಭಿಧಾನವಾದ. ಮಗುವು ಮಾತನ್ನು ಕಲಿಯುವುದು ಶಬ್ದಗಳ ಪಟ್ಟಿಯಿಂದಲ್ಲ. ಹಿರಿಯನೊಬ್ಬನು ಹಸುವನ್ನು ತರಹೇಳುತ್ತಾನೆ. ಕಿರಿಯನು ಎದ್ದು ಹೋಗಿ ತರುತ್ತಾನೆ. ಬಳಿಯಲ್ಲಿ ಕುಳಿತ ಮಗು ಎರಡನ್ನೂ ನೋಡುತ್ತದೆ. ಮಾಡಬೇಕೆಂಬ ಅರಿವೇ ತನ್ನನ್ನು ಚಲಿಸುವಂತೆ ಮಾಡುವುದೆಂದು ಸ್ವಾನುಭವದಿಂದ ಬಲ್ಲ ಆ ಮಗು, ಕಿರಿಯನನ್ನು ಎಬ್ಬಿಸಿದುದೂ ಅಂತಹ ಅರಿವೇ, ಅದನ್ನು ಹುಟ್ಟಿಸಿದುದು ಆ ಮಾತೇ ಎಂದು ಊಹಿಸುತ್ತದೆ. ಮುಂದೆ ಹಸುವಿನ ಬದಲು ಕುದುರೆ, ತರುವುದರ ಬದಲು ಕಟ್ಟುವುದು ಬಂದಂತೆ ಒಂದೊಂದು ಪದವೂ ತನ್ನ ಅರ್ಥದೊಡನೆ ಬೇರ್ಪಟ್ಟು ತಿಳಿಯುತ್ತದೆ. ಹೀಗೆ ನೋಡಿದರೆ ಭಾಷೆಯು ಮೊದಲಿನಿಂದಲೂ ಒಬ್ಬನು ಇನ್ನೊಬ್ಬನನ್ನು ಕಾರ್ಯಕ್ಕೆ ಕರೆಯುವ ಕರೆ. ಮಕ್ಕಳಿಗೆ ಅಕ್ಷರ ಮೊದಲೋ ವಾಕ್ಯ ಮೊದಲೋ ಎಂದು ವಾದಿಸುವ ಶಿಕ್ಷಣಜ್ಞರು ಈ ಭಾಗವನ್ನು ಒಮ್ಮೆ ಓದಿದರೆ ನಷ್ಟವಿಲ್ಲ.

ಇನ್ನು ಅಸ್ತಿತ್ವವಾದ. ಡೆನ್ಮಾರ್ಕಿನ ಕೀರ್ಕೆಗಾರ್ಡನಲ್ಲಿ (1813–1855) ಬೀಜರೂಪದಲ್ಲಿದ್ದ ಈ ದರ್ಶನವು ಫ್ರಾನ್ಸಿನ ಸಾರ್ತ್ರನ 1943ರ ಮಹಾಗ್ರಂಥದಿಂದಲೂ, 1945ರಲ್ಲಿ ಪ್ಯಾರಿಸಿನಲ್ಲಿ ಅವನು ಮಾಡಿದ ಭಾಷಣದಿಂದಲೂ ಪ್ರಖ್ಯಾತವಾಯಿತು. ಮನುಷ್ಯನು ಮೊದಲು ಇರುತ್ತಾನೆ; ತಾನು ಏನೆಂಬುದನ್ನು ತನ್ನ ಆಯ್ಕೆಗಳಿಂದ ಆಮೇಲೆ ಮಾಡಿಕೊಳ್ಳುತ್ತಾನೆ ಎಂಬುದು ಅದರ ಸಾರ. ಆ ಭಾಷಣದಲ್ಲಿ ಒಂದು ಗುರುಶಿಷ್ಯಪ್ರಸಂಗವಿದೆ. ಯುದ್ಧಕಾಲದಲ್ಲಿ ಅಣ್ಣನನ್ನು ಕಳೆದುಕೊಂಡ ಶಿಷ್ಯನೊಬ್ಬನು, ಒಂಟಿಯಾದ ತಾಯಿಯ ಬಳಿ ನಿಲ್ಲಲೋ, ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರಾನ್ಸಿನ ಸೈನ್ಯವನ್ನು ಸೇರಲೋ ಎಂದು ಕೇಳುತ್ತಾನೆ. ಗುರುವು ಯಾವ ವಿಧಿಯನ್ನೂ ಹೇಳದೆ, ನೀನು ಸ್ವತಂತ್ರನು, ಆರಿಸಿಕೊ ಎನ್ನುತ್ತಾನೆ.

ಲೊಕ್ಕಿಗುಂಡಿಯ ಉಪಾಧ್ಯಾಯನು ಇದನ್ನು ಕೇಳಿದ್ದರೆ ಗುರುವನ್ನು ನಿಂದಿಸುತ್ತಿರಲಿಲ್ಲ. ಆ ಶಿಷ್ಯನು ಎಂತಹವನೆಂದು ಮೊದಲು ವಿಚಾರಿಸುತ್ತಿದ್ದನು. ತಾಯಿಯ ಕರೆಯನ್ನೂ ನಾಡಿನ ಕರೆಯನ್ನೂ ತನ್ನ ಕಾರ್ಯವೆಂದು ಅರಿತುದರಿಂದಲೇ ಅವನಿಗೆ ಸಂಕಟ ಹುಟ್ಟಿತು. ಎರಡರಲ್ಲಿ ಒಂದನ್ನಾದರೂ ಅರಿಯದವನಿಗೆ ಸಂಕಟವೂ ಇಲ್ಲ, ಆಯ್ಕೆಯೂ ಇಲ್ಲ. ಆ ಅರಿವನ್ನು ಯಾರೋ ಅವನಿಗೆ ಮೊದಲೇ ಕಲಿಸಿದ್ದರು. ಹಾಗಾಗಿ ಅಸ್ತಿತ್ವವಾದದ ಹೆಸರಿನಲ್ಲಿ, ಏನನ್ನು ಕಲಿಯಬೇಕೆಂಬುದನ್ನು ಮಗುವೇ ಮೊದಲ ದಿನದಿಂದ ಆರಿಸಿಕೊಳ್ಳಲಿ ಎನ್ನುವವರು ಸಾರ್ತ್ರನ ಶಿಷ್ಯನ ವಯಸ್ಸನ್ನು ಮರೆಯುತ್ತಾರೆ. ಮತ್ತೊಂದು ಕಡೆಯಲ್ಲಿ ಮೀಮಾಂಸಕರಿಗೂ ಕೊರತೆಯುಂಟು. ಎರಡು ವಿಧಿಗಳು ಘರ್ಷಿಸಿದಾಗ ಬಲಾಬಲವನ್ನು ನಿರ್ಣಯಿಸುವ ನ್ಯಾಯಗಳು ಅವರಲ್ಲಿ ಹೇರಳವಾಗಿವೆ. ಯಾವ ನ್ಯಾಯವೂ ತೀರಿಸಲಾರದ ಘರ್ಷಣೆಯೊಂದು ಇರಬಹುದೆಂಬುದನ್ನು ಅವರು ಸುಲಭವಾಗಿ ಒಪ್ಪರು. ಕನ್ನಡದಲ್ಲಿ 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯನು ನಿಂತಿರುವುದು ಸರಿಯಾಗಿ ಈ ಎಡೆಯಲ್ಲಿ. ನಾರಣಪ್ಪನ ಶವದ ವಿಷಯವಾಗಿ ಗ್ರಂಥಗಳನ್ನು ಮಗುಚಿ ಮಗುಚಿ ನೋಡಿದರೂ ಉತ್ತರ ಸಿಗದು. ಕಾದಂಬರಿಯನ್ನು ಪಾಠ ಹೇಳುವವರು ಅವನನ್ನು ಶಾಸ್ತ್ರದ ಸೋಲಿನ ಉದಾಹರಣೆಯೆಂದಷ್ಟೇ ತೋರಿಸುವುದುಂಟು. ಆದರೆ ಶಾಸ್ತ್ರವನ್ನು ಅಷ್ಟು ಆಳವಾಗಿ ಕಲಿಯದವನಿಗೆ ಆ ಬಿಕ್ಕಟ್ಟೇ ಬರುತ್ತಿರಲಿಲ್ಲ.

ದೇವರಿಲ್ಲ, ಆದುದರಿಂದ ಮನುಷ್ಯನಿಗೆ ಪೂರ್ವನಿಶ್ಚಿತವಾದ ಸ್ವಭಾವವೂ ಇಲ್ಲವೆಂಬ ಸಾರ್ತ್ರನ ಅನುಮಾನಕ್ಕೂ ಈ ಸೀಮೆಯಲ್ಲಿಯೇ ಪ್ರತ್ಯುತ್ತರ ಸಿಗುತ್ತದೆ. ಬೆಳ್ವೊಲ ಮುನ್ನೂರಕ್ಕೆ ಹೊಂದಿದ ಪುಲಿಗೆರೆ ಮುನ್ನೂರರ ರಾಜಧಾನಿಯಾದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರವು, ಶಂಖಬಸದಿಯ ಕಾರಣದಿಂದ ಜೈನಾಚಾರ್ಯರ ದೊಡ್ಡ ನೆಲೆಯಾಗಿತ್ತು. ಜೈನರಿಗೆ ಸೃಷ್ಟಿಕರ್ತನಾದ ಈಶ್ವರನಿಲ್ಲ; ತನ್ನ ಬಂಧಮೋಕ್ಷಗಳಿಗೆ ಜೀವನೇ ಹೊಣೆ. ಆದರೂ ಅನಂತಜ್ಞಾನವು ಜೀವದ ಸ್ವರೂಪವೇ. ಕರ್ಮದ ಆವರಣ ಸರಿದಂತೆ ಅದು ತಾನಾಗಿ ಬೆಳಗುತ್ತದೆ. ಮೀಮಾಂಸಕರೂ ಸೃಷ್ಟಿಕರ್ತನನ್ನು ಒಪ್ಪದೆಯೇ ವಿಧಿಯ ಅಧಿಕಾರವನ್ನು ಸ್ಥಾಪಿಸಿದರು. ಕರ್ತೃವಿಲ್ಲವೆಂಬ ಒಂದೇ ಹೇತುವಿನಿಂದ ಸ್ವಭಾವವಿಲ್ಲವೆಂಬ ಸಾಧ್ಯವು ಸಿದ್ಧಿಸದೆಂದು ನ್ಯಾಯಶಾಸ್ತ್ರವನ್ನು ಅಲ್ಪಸ್ವಲ್ಪ ಬಲ್ಲವನೂ ಹೇಳಬಲ್ಲನು. ಸಾರ್ತ್ರನ ಶಿಕ್ಷಣದೃಷ್ಟಿಯನ್ನು ಸ್ವೀಕರಿಸುವವರು ಅದಕ್ಕೆ ಬೇರೆ ಆಧಾರವನ್ನು ಹುಡುಕಬೇಕಾಗುತ್ತದೆ.

ಗುರುವಿನ ಮೇಲೆ ಹೊಣೆಯನ್ನಿಟ್ಟರೆ ಸಾಲದು, ಗುರುವಿನ ಊಟಕ್ಕೆ ದಾರಿಯಾಗಬೇಕು. ಸೋಮೇಶ್ವರನ ದತ್ತಿಯ ಅರ್ಥವು ಇದೇ. ಸುಮಾರು ಒಂದು ಶತಮಾನದ ಬಳಿಕ, 1192ರಲ್ಲಿ, ಹೊಯ್ಸಳ ವೀರಬಲ್ಲಾಳನು ಗದಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಹೊಂಬಳಲು ಗ್ರಾಮವನ್ನು, ಎಂದರೆ ಇಂದಿನ ಹೊಂಬಳವನ್ನು, ದಾನವಿತ್ತನು. ಅಲ್ಲಿಯ ಸ್ಥಾನಾಚಾರ್ಯನಾದ ಕಾಳಾಮುಖ ಯತಿ ಸಿದ್ಧಾಂತಿ ಚಂದ್ರಭೂಷಣಪಂಡಿತನ ಪಾಂಡಿತ್ಯವನ್ನು ಶಾಸನವು ವಿಸ್ತಾರವಾಗಿ ಹೊಗಳುತ್ತದೆ. ಒಂದು ಊರಿನ ಹೊಲಗಳ ಬೆಳೆಯು ಪಂಡಿತನ ಮಠವನ್ನು ಪೊರೆಯಿತೆಂಬುದು ಆ ಹೊಗಳಿಕೆಯಷ್ಟೇ ಗಮನಾರ್ಹ.

ಪ್ರಾಭಾಕರರ ವಿಧಿಯು ದ್ವಿಜರ ಗಂಡುಮಕ್ಕಳಿಗೆ ಮಾತ್ರ ಎಂಬುದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಬಾಲಕನು ನಿಯೋಜ್ಯನಲ್ಲವೆಂಬ ಯುಕ್ತಿಯು ಅವನ ತಿಳಿವಳಿಕೆಯನ್ನು ಅವಲಂಬಿಸಿದೆಯೇ ಹೊರತು ವರ್ಣವನ್ನಲ್ಲ. ಆದರೂ ಆ ಯುಕ್ತಿಯನ್ನು ಎಲ್ಲ ಮಕ್ಕಳಿಗೂ ಚಾಚುವ ಮನಸ್ಸು ಆ ಶಾಲೆಗೆ ಇರಲಿಲ್ಲ. ಅದು ಅದೇ ನೆಲದಲ್ಲಿ, ಮೀಮಾಂಸೆಯ ಸಂಬಂಧವೇ ಇಲ್ಲದೆ, ಬಹು ತಡವಾಗಿ ನಡೆಯಿತು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಜನಿಸಿದ ಪಂಚಾಕ್ಷರ ಗವಾಯಿಗಳು (1892–1944) ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿಕೊಂಡು, ಊರೂರು ಸುತ್ತುತ್ತ, ಅವರ ಅನ್ನವನ್ನೂ ಸಂಗೀತಪಾಠವನ್ನೂ ತಮ್ಮ ಮೇಲೆಯೇ ಹೊತ್ತುಕೊಂಡರು. ಆ ಸಂಚಾರಿ ಪಾಠಶಾಲೆಯು ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಅವರ ಬಳಿಕ ಅದನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು, ಅವರ ಕೈಯಲ್ಲಿಯೇ ಕಲಿತವರು.